ಬಗ್ಗದ ಕಾರು, ಇಳಿಸಿದ ಮೂಟೆಗಳು

ಅಗಳಿ ದಾಟಿ ಶಿರಾ ರಸ್ತೆಗೆ ತಿರುಗಿಸಿದ್ದೆ ಅಷ್ಟೇ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಸಸ್ಪೆನ್ಷನ್ ಫಾಲ್ಟ್ ಎಂದು ತೋರಿಸುತ್ತಿತ್ತು.

ಇಳಿದು ನೋಡಿದರೆ ಕಾರಿನ ಹಿಂಭಾಗ ಪೂರ್ತಿ ಕೂತುಬಿಟ್ಟಿದೆ. ಅರ್ಧ ಟೈರು ಬಾಡಿಯೊಳಗೆ ಹೋಗಿದೆ.

ಕಾರು ನನ್ನದಲ್ಲ. ಬೆಂಗಳೂರಿನಲ್ಲಿ ಒಬ್ಬ ಗಾರ್ಮೆಂಟ್ಸ್ ಓನರ್ ಬಳಿ ನಾನು ಡ್ರೈವರ್. ನಮ್ಮಕ್ಕ ಗಂಗಮ್ಮ ಅದೇ ಫ್ಯಾಕ್ಟರಿಯಲ್ಲಿ ಟೈಲರ್, ಶರ್ಟಿಗೆ ಕಾಲರ್ ಕೂರಿಸುವ ಲೈನಿನಲ್ಲಿ.

ನಮ್ಮ ಮನೆಯಿಂದ ಮೊದಲು ಬೆಂಗಳೂರಿಗೆ ಹೋದವಳೇ ಅವಳು. ನನ್ನ ಡ್ರೈವಿಂಗ್ ಲೈಸೆನ್ಸು, ತಂಗಿಯ ಮದುವೆ, ಹೊಲದ ಬೋರ್‌ವೆಲ್ಲು... ಎಲ್ಲಾ ಅವಳ ಮಿಷನ್ನಿನಿಂದ ಬಂದದ್ದೇ.

ಹೋದ ತಿಂಗಳು ಒಂದು ದಿನ ಊಟದ ಬೆಲ್ ಹೊಡೆದರೂ ಅಕ್ಕ ಮಿಷನ್ ಮುಂದಿನಿಂದ ಏಳಲಿಲ್ಲ. ಏಳಲು ಆಗಲಿಲ್ಲ. ಬೆನ್ನಿನ ಡಿಸ್ಕ್ ಜರುಗಿದೆ, ರೆಸ್ಟ್ ಬೇಕು, ಬಸ್ಸಿನ ಕುಲುಕಾಟ ಬೇಡ ಅಂದರು ಡಾಕ್ಟರು.

ಓನರ್ ಅದೇ ಹೊತ್ತಿಗೆ ಫಾರಿನ್‌ಗೆ ಹೊರಟಿದ್ದರು. ಅಕ್ಕನನ್ನು ಕಾರಿನಲ್ಲೇ ಊರಿಗೆ ಕರೆದುಕೊಂಡು ಹೋಗು, ನಾನು ಬರುವವರೆಗೆ ನಿನಗೂ ರಜೆ ಅಂದರು. ದೊಡ್ಡ ಮನಸ್ಸು ಅನ್ನಲೇಬೇಕು.

ಊರಿಗೆ ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಹಂಪ್ ಬಂದದ್ದೂ ಗೊತ್ತಾಗಲಿಲ್ಲ ಅಂದಳು.

ಗೊತ್ತಾಗುವುದಿಲ್ಲ. ಈ ಕಾರಿಗೆ ಮಾಮೂಲಿ ಸ್ಪ್ರಿಂಗ್ ಇಲ್ಲ, ನಾಲ್ಕು ಚಕ್ರಕ್ಕೂ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಯಾವ ಕಡೆ ತಗ್ಗಿದರೂ ಸೆನ್ಸರ್‌ಗೆ ಗೊತ್ತಾಗಿ, ಕಂಪ್ರೆಸರ್ ಅಲ್ಲಿಗೆ ಗಾಳಿ ಕಳಿಸಿ ಮಟ್ಟ ಮಾಡುತ್ತದೆ.

ಓನರ್ ವಾಪಸ್ ಬರುವ ದಿನ ಹತ್ತಿರವಾಯಿತು. ಅಕ್ಕನೂ ಕಾರಿನಲ್ಲೇ ಡ್ಯೂಟಿಗೆ ವಾಪಸ್ ಎಂದು ಮನೆಯಲ್ಲಿ ತೀರ್ಮಾನವಾಯಿತು. ಹಳೇ ಮನೆಗೆ ಕಾಂಕ್ರೀಟ್ ಸೂರಿನ ಮೋಲ್ಡ್ ಹಾಕಿಸಬೇಕಲ್ಲ...

"ಇನ್ನೊಂದು ವರ್ಸ ತಡ್ಕಳವ್ವ, ಮೋಲ್ಡ್ ಒಂದು ಬಿದ್ಬಿಡ್ಲಿ" ಅಂದಳು ಅಮ್ಮ. ಅಕ್ಕ ತಲೆಯಾಡಿಸಿದಳು. ಆಗುತ್ತಾ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಹೊರಡುವ ದಿನ ಬಂದರು ನೋಡಿ ನಮ್ಮ ರಂಗಪ್ಪ ಮಾವ. ಮಡಕಶಿರ ಮಾರ್ಕೆಟ್ಟಿನಲ್ಲಿ ಲಾರಿಗಳಿಗೆ ಕಡ್ಲೆಕಾಯಿ ಮೂಟೆ ಲೋಡ್ ಮಾಡಿಸಿ ತಲೆ ಹಣ್ಣಾದ ಮನುಷ್ಯ. ಲಾರಿಯ ಚಕ್ರದ ಮೇಲಿನ ಸ್ಪ್ರಿಂಗಿನ ಕಮಾನು ಪಟ್ಟಿ ಎಷ್ಟು ಬಗ್ಗಿದೆ ಎಂದು ಒಂದು ಸಲ ನೋಡಿದರೆ ಸಾಕು, ಇನ್ನೂ ಹಿಡಿಯುತ್ತದಾ ಇಲ್ಲವಾ ಹೇಳಿಬಿಡುತ್ತಾರೆ.

ಸೆಕೆ ಎಂದು ಎಸಿ ಹಾಕಿ ಅಕ್ಕನನ್ನು ಮೊದಲೇ ಕೂರಿಸಿದ್ದೆ. ಇಂಜಿನ್ ಓಡುತ್ತಿತ್ತು. ಓನರ್‌ಗೆ ಎಂದು ಕಡ್ಲೆಕಾಯಿ, ನಮ್ಮ ರೂಮಿಗೆ ರಾಗಿ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿರುವ ಊರಿನ ಹೆಣ್ಣುಮಕ್ಕಳಿಗೆ ಅವರವರ ಮನೆಯವರು ತಂದುಕೊಟ್ಟ ಗಂಟುಗಳು. ಮಾವ ಒಂದೊಂದೇ ತುಂಬಿಸಿದರು, ಡಿಕ್ಕಿ ಮುಗಿದ ಮೇಲೆ ಅಕ್ಕನ ಕಾಲಬುಡಕ್ಕೂ.

ಪ್ರತಿ ಮೂಟೆಗೂ ಕಾರು ಒಂಚೂರು ತಗ್ಗುತ್ತಿತ್ತು. ಕಂಪ್ರೆಸರ್ ಗುಂಯ್ ಅನ್ನುತ್ತಿತ್ತು, ಕಾರು ಮತ್ತೆ ಮಟ್ಟಕ್ಕೆ ಬರುತ್ತಿತ್ತು. ಮಾವ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರ ನೋಡುವುದು, "ಅಲ್ಲಾಡ್ನೇ ಇಲ್ಲ ನೋಡ್ಲಾ, ಇನ್ನೊಂದು ಎತ್ತು" ಅನ್ನುವುದು.

ಮಾವ, ಇದು ಲಾರಿಯಲ್ಲ, ಸಾಕು ಅಂದೆ.

"ಭಾರ ಆಗಿದ್ರೆ ಬಗ್ತಿತ್ತು ಕಣಪ್ಪ. ಬಗ್ಗಿಲ್ಲ ಅಂದ್ಮೇಲೆ ತಡೀತೈತೆ."

ಅನುಭವಸ್ಥರ ಎದುರು ಬಾಯಿ ತೆಗೆಯುವುದು ಕಷ್ಟ. ಶಿರಾದಲ್ಲಿ ಕೆಲಸವಿದೆ ಎಂದು ಅವರೂ ಮುಂದಿನ ಸೀಟಿಗೆ ಹತ್ತಿದರು.

ಹಾಗೆ ಹೊರಟವರು ಈಗ ರಸ್ತೆ ಪಕ್ಕದ ಹುಣಸೆಮರದ ಕೆಳಗೆ ನಿಂತಿದ್ದೇವೆ. ಸರ್ವೀಸಿನ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

ಬೆಳಗ್ಗೆ ಹೊತ್ತು ಒಂದು ಕಡೆ ತಗ್ಗಿರ್ತಿತ್ತಾ ಎಂದು ಕೇಳಿದ. ಹೌದು, ಈಚೆಗೆ ಎಡಗಡೆ ಹಿಂದೆ ಸ್ವಲ್ಪ ತಗ್ಗಿರುತ್ತಿತ್ತು, ಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು ಅಂದೆ.

"ಅಲ್ಲೇ ಚೀಲ ಲೀಕ್ ಇರೋದು ಸರ್. ಅದರ ಮೇಲೆ ಲೋಡ್ ಬೇರೆ. ಕಂಪ್ರೆಸರ್ ಬಿಸಿಯಾಗಿ ನಿಂತುಹೋಗಿದೆ. ಈ ಕಾರು ಭಾರ ತೋರಿಸಲ್ಲ. ಕಂಪ್ರೆಸರ್ ಓಡೋ ತನಕ ಮಟ್ಟವಾಗೇ ಇರುತ್ತೆ, ಅದು ನಿಂತರೆ ಒಂದೇ ಸಲ ಕೂತ್ಕೊಳ್ಳುತ್ತೆ. ಎಲ್ಲಾ ಇಳಿಸಿ, ಅದು ತಣ್ಣಗಾಗೋಕೆ ಬಿಡಿ."

ಮಾವ ಮೂಟೆ ಇಳಿಸತೊಡಗಿದರು. ಊರ ಕಡೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು "ಏಮಯಿಂದನ್ನಾ?" ಎಂದು, ಏನಾಯಿತಣ್ಣಾ ಅಂತ ತೆಲುಗಿನಲ್ಲಿ ಕೇಳುತ್ತಾ ನಿಲ್ಲಿಸಿದ. ಎಲ್ಲಾ ಅವನ ಟ್ರೈಲರಿಗೆ ಹೋಯಿತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಮರಕ್ಕೆ ಒರಗಿ ನಿಂತಿದ್ದಳು. ಇಳಿದುಹೋಗುವ ಮೂಟೆಗಳನ್ನೇ ನೋಡುತ್ತಿದ್ದಳು.

ಕಂಪ್ರೆಸರ್ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿದೆ. ಕಾರು ಮಲಗಿದ್ದ ಹಸು ಏಳುವ ಹಾಗೆ ಹಿಂದಿನಿಂದ ನಿಧಾನವಾಗಿ ಎದ್ದಿತು. ನನಗೂ ಹೋದ ಜೀವ ಬಂತು.

"ಹತ್ತು ಗಂಗಮ್ಮ, ಹೊರಡಾನ" ಅಂದರು ಮಾವ.

ಅಕ್ಕ ಹತ್ತಿ ಕೂತಳು. "ಊರ ಕಡೆ ತಿರುಗ್ಸು" ಅಂದಳು ನನಗೆ. "ಮೂಟೆ ಜತೆ ನನ್ನೂ ಇಳಿಸ್ಬಿಡು. ನಂದೂ ಬಿಸಿಯಾಗಿ ನಿಂತೋಗೈತೆ."

ಮಾವ ಹಿಂದೆ ತಿರುಗಿ ಅವಳನ್ನು ನೋಡಿದರು. "ಇಷ್ಟು ದಿನ ಯಾಕವ್ವ ಹೇಳ್ಲಿಲ್ಲ?"

"ಬಗ್ಗಿದ್ರೆ ತಾನೇ ಮಾವ ನೀವು ನೋಡೋದು."

ಮಾವ ಮುಂದಕ್ಕೆ ತಿರುಗಿ ಕೂತರು. ನಾನು ಗಾಡಿ ತಿರುಗಿಸಿದೆ.

ಮನೆಯಲ್ಲಿ ಮಾವನೇ ಅಮ್ಮನಿಗೆ ಹೇಳಿದರು. ಅಮ್ಮ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು, ಆಮೇಲೆ ಒಲೆಯ ಮೇಲೆ ಬಿಸಿನೀರಿಟ್ಟಳು ಅಕ್ಕನ ಬೆನ್ನಿಗೆ.

ಬೆಂಗಳೂರಿಗೆ ನಾನೊಬ್ಬನೇ ನಿಧಾನವಾಗಿ ಬಂದೆ. ಮೆಕ್ಯಾನಿಕ್ ಎಡಗಡೆಯ ಚೀಲಕ್ಕೆ ಸೋಪಿನ ನೀರು ಸಿಂಪಡಿಸಿದ, ಸೈಕಲ್ ಪಂಕ್ಚರಿನ ಹಾಗೆ ಗುಳ್ಳೆ ಬಂತು. ಮಣ್ಣು ಕೂತು ರಬ್ಬರ್ ಬಿರುಕು ಬಿಟ್ಟಿತ್ತು. ಚೀಲ ಬದಲಾಯಿತು. ಓನರ್‌ಗೆ ಎಲ್ಲಾ ಹೇಳಿದೆ, ಚೆನ್ನಾಗಿ ಬೈದರು, ಕೆಲಸ ಉಳಿಯಿತು.

ಇಂಥ ಕಾರು ಓಡಿಸುವವರು ಚಕ್ರದ ಸಂದಿಯ ಮಣ್ಣು ತೊಳೆಯಿರಿ, ಕಂಪ್ರೆಸರ್ ಸದ್ದಿಗೆ ಕಿವಿ ಕೊಡಿ. ತಗ್ಗಿದೆಯಾ ಎಂದು ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆಯೇ ನೋಡಿ, ಆಮೇಲೆ ಅದು ಏನನ್ನೂ ತೋರಿಸುವುದಿಲ್ಲ.

ಅಕ್ಕ ಊರಲ್ಲೇ ಇದ್ದಾಳೆ. ಮೋಲ್ಡ್ ಇನ್ನೂ ಬಿದ್ದಿಲ್ಲ.

ನಿಮ್ಮ ಮನೆಯಲ್ಲೂ ಬಗ್ಗದೆ ನಿಂತವರು ಒಬ್ಬರು ಇದ್ದೇ ಇರುತ್ತಾರೆ, ಆಗುತ್ತಾ ಎಂದು ಅವರನ್ನು ಕೊನೆಯ ಸಲ ಕೇಳಿದ್ದು ಯಾವಾಗ?