ಬಾಂಬೆಯಲ್ಲಿ ನನ್ನನ್ನು ಕೆಳಗೆ ಕೂರಿಸಿ ಮನೆ ನೋಡಿದರು

ಮುಂಬೈ ಅಂದರೆ ನಿಮಗೆಲ್ಲ ಸಮುದ್ರ, ಲೋಕಲ್ ಟ್ರೈನು, ಸಿನಿಮಾದವರ ಬಂಗಲೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕಲ್ಲು ಬೆಂಚು. ವಠಾರದಂಥ ಹಳೇ ಚಾಳೊಂದರ ಅಂಗಳದಲ್ಲಿದ್ದ ಆ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಮದುವೆಯಾದ ಮೇಲೆ ನಾನು ಬದುಕಬೇಕಾದ ಮನೆಯನ್ನು ನೋಡಲು ಮೂವರು ಹಿರಿಯರು ಮೇಲಕ್ಕೆ ಹತ್ತಿ ಹೋದರು. ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ತೊಂಬತ್ತರ ದಶಕದ ಕೊನೆ ಅದು. ನಾವು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿದ್ದೆವು. ಬಿ.ಕಾಂ ಮುಗಿಸಿ ಹತ್ತಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ. ಹುಡುಗನ ಕಡೆಯವರು ಮೂಲದಲ್ಲಿ ಇಲ್ಲೇ ಪಕ್ಕದ ಬಾತಿಯವರು. ಅವನ ತಂದೆ ಎಳೆ ವಯಸ್ಸಿನಲ್ಲೇ ಬಾಂಬೆಗೆ ಹೋಗಿ ಬಟ್ಟೆ ಅಂಗಡಿ ಸೇರಿದವರು. ಹುಡುಗ ಬಂದು ನನ್ನನ್ನು ನೋಡಿ ಹೋಗಿದ್ದ. "ಇಂಗ್ಲಿಷ್ ಬರುತ್ತಾ?" ಎಂದು ಕೇಳಿದ್ದು ಬಿಟ್ಟರೆ ಅವನು ಬಾಯಿ ಬಿಟ್ಟದ್ದು ಉಪ್ಪಿಟ್ಟಿಗೆ. ಸಂಬಂಧ ತಂದ ಮಧ್ಯಸ್ಥರು ಮಾತ್ರ ಬೇಕಾದಷ್ಟು ಮಾತಾಡಿದ್ದರು. ಸ್ವಂತ ಮನೆ, ಅಪ್ಪ ಅಮ್ಮ ಹುಡುಗ ಮೂರೇ ಜನ, ಹಿರಿಯ ಮಗ ಸಂಸಾರ ಕಟ್ಟಿಕೊಂಡು ಠಾಣೆ ಎಂಬ ಊರಿನಲ್ಲಿ ಬೇರೆ ಇದ್ದಾನೆ ಎಂದಿದ್ದರು.

ಹುಡುಗ ಒಪ್ಪಿದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಪದ್ಧತಿ. ಹೋದವರು ಅಲ್ಲಿ ಚಹಾ ಕುಡಿಯಬಹುದು, ಖಾರದ ಮಂಡಕ್ಕಿ ತಿನ್ನಬಹುದು. ಸಿಹಿ ಮಾತ್ರ ಮುಟ್ಟುವ ಹಾಗಿಲ್ಲ. ಸಿಹಿ ತಿಂದರೆ ಮಾತು ಕೊಟ್ಟ ಲೆಕ್ಕ, ಆಮೇಲೆ ಹಿಂದೆ ಸರಿದರೆ ಮನೆತನಕ್ಕೇ ಮಾತು ಬರುತ್ತದೆ. ಇನ್ನು ಹುಡುಗಿ ಹೋಗುವುದಂತೂ ಇಲ್ಲವೇ ಇಲ್ಲ.

"ಇರೋಳು ನಾನು, ನೋಡೋರು ನೀವಾ?" ಎಂದು ಕೇಳಿದೆ.

ಹರಿಹರದ ದೊಡ್ಡಪ್ಪ ಅಪ್ಪಾಜಿಯ ಕಡೆ ತಿರುಗಿದರು. "ನೋಡಪಾ, ಆಫೀಸಿಗೆ ಕಳಿಸಿದ್ದಕ್ಕೆ ಇದು. ಇಲ್ಲೀತನ ಯಾವ ಹುಡುಗಿ ಹಿಂಗ ಕೇಳ್ಯಾಳ?"

ನನ್ನನ್ನು ಬಚಾವು ಮಾಡಿದ್ದು ಸೋದರತ್ತೆಯ ಮಂಡಿನೋವು. ಅಷ್ಟು ದೂರದ ಬಸ್ಸು ಹತ್ತಿ ಇಳಿಯಲು ಕೈ ಹಿಡಿಯುವವರು ಬೇಕು ಎಂದು ಅತ್ತೆ ಹಟ ಹಿಡಿದರು. ಹೀಗಾಗಿ ನಾನು ಹೊರಟದ್ದು ಮದುಮಗಳಾಗಿ ಅಲ್ಲ, ಅತ್ತೆಯ ಊರುಗೋಲಾಗಿ.

ಮಧ್ಯಾಹ್ನ ದಾವಣಗೆರೆಯಲ್ಲಿ ಬಸ್ಸು ಹತ್ತಿದೆವು. ದೊಡ್ಡಪ್ಪ ಹರಿಹರದಲ್ಲಿ ಹತ್ತಿಕೊಂಡರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಚೀಲವನ್ನು "ನನ್ನ ಕೈಯಾಗ ಕೊಡ್ರಿ, ನೀವು ಹೆಣ್ಮಕ್ಳು ಮರೀತೀರಿ" ಎಂದು ಇಸಿದುಕೊಂಡರು. ಮರುದಿನ ಬೆಳಗ್ಗೆ ದಾದರಿನಲ್ಲಿ ಇಳಿದಾಗ ಚೀಲ ಬಸ್ಸಿನಲ್ಲೇ ಉಳಿಯಿತು. ಮರೆತವರು ಯಾರು ಎಂದು ಯಾರೂ ಬಾಯಿ ಬಿಡಲಿಲ್ಲ. ಎಲ್ಲಿ ನೋಡಿದರೂ ಜನ. ಎಲ್ಲರಿಗೂ ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದಂಥ ಅವಸರ. ದೊಡ್ಡಪ್ಪ ರಸ್ತೆ ಮಧ್ಯೆ ನಿಂತು ಒಬ್ಬನಿಗೆ "ಇಲ್ಲಿ ಬರ್ರಿ" ಎಂದು ಕನ್ನಡದಲ್ಲೇ ಕರೆದರು. ಅವನು ತಿರುಗಿಯೂ ನೋಡಲಿಲ್ಲ. "ಎಂಥಾ ಊರಪಾ ಇದು, ಮರ್ಯಾದೆ ಇಲ್ಲ" ಎಂದು ಗೊಣಗುತ್ತ ಹಸಿದ ಹೊಟ್ಟೆಯಲ್ಲೇ ಟ್ಯಾಕ್ಸಿ ಹತ್ತಿದರು.

ಚಾಳಿನ ಬಾಗಿಲಲ್ಲಿ ನಾನೂ ಅತ್ತೆಯ ಕೈ ಹಿಡಿದು ಮೆಟ್ಟಿಲಿಗೆ ಕಾಲಿಟ್ಟೆ. ದೊಡ್ಡಪ್ಪ ತಡೆದರು.

"ನೀನು ಎಲ್ಲಿಗೆ? ಇಲ್ಲೇ ಕುಂತ್ಕ. ಮದುವಿ ಮುಂಚೆ ಗಂಡಿನ ಮನಿ ಹೊಸ್ತಿಲು ತುಳೀಬಾರ್ದು."

"ಅಷ್ಟು ದೂರದಿಂದ ಬಂದಿರೋದು ಯಾಕ ದೊಡ್ಡಪ್ಪಾ, ಬೆಂಚು ನೋಡಾಕಾ?"

ಅಪ್ಪಾಜಿ ಮೆಲ್ಲಗೆ, "ಒಂದು ತಾಸು ಕೂಡವ್ವ. ನಾವು ನೋಡಿದ್ರೆ ನೀನು ನೋಡಿದಂಗ" ಎಂದರು. ಅತ್ತೆ ಮೂರು ಮಹಡಿಯನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ನಿಮ್ಮಾಣೆ, ನಾನೇ ಕಣ್ಣಾರೆ ನೋಡಿದ್ದೇನೆ.

ಬೆಂಚಿನ ಆ ತುದಿಯಲ್ಲಿ ಒಬ್ಬ ಹೆಂಗಸು ಮೊದಲೇ ಕೂತಿದ್ದಳು. ಮೂವತ್ತರ ಆಸುಪಾಸು. ತೊಡೆಯ ಮೇಲೆ ಒಂದು ಮಗು, ಕಾಲ ಬಳಿ ಇನ್ನೊಂದು. ಮಗುವಿನ ಅಳುವಿನಲ್ಲಿ ನಮ್ಮ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಆದರೆ ಮಗುವಿಗೆ ಅವಳು "ಅಳಬ್ಯಾಡ" ಅಂದದ್ದು ನನ್ನ ಕಿವಿಗೆ ಬಿತ್ತು. ಬಾಂಬೆಯಲ್ಲಿ ನಮ್ಮ ಕಡೆಯ ಮಾತು! ಖುಷಿಯಾಗಿ ಮಾತಿಗೆಳೆದೆ. ಅವಳ ತವರು ರಾಣೆಬೆನ್ನೂರು ಕಡೆ.

"ಬಿಸಿಲಾಗ ಯಾಕ ಕುಂತೀರಿ? ಮನೆ ಇಲ್ಲೇ ಅಲ್ವಾ?"

"ಮ್ಯಾಲೇ ಐತ್ರಿ, ಮೂರನೇ ಮಾಳಿಗಿ. ಮೈದುನಗೆ ಹೆಣ್ಣು ಕೊಡೋರು ಮನೆ ನೋಡಾಕೆ ಬಂದಾರೆ. ಅವರು ಹೋಗೋತನ ಮಕ್ಳನ್ನ ಕರ್ಕೊಂಡು ಕೆಳಗಿರು ಅಂದಾರೆ ನಮ್ಮತ್ತಿ."

"ಯಾಕ?"

"ಮನೆ ದೊಡ್ಡದು ಕಾಣಬೇಕಲ್ರೀ." ಅವಳು ನಕ್ಕಳು. "ನಮ್ಮ ಟ್ರಂಕು, ಹಾಸಿಗಿ ಎಲ್ಲಾ ಪಕ್ಕದ ಮನಿಯಾಗ ಇಟ್ಟಾರೆ. ಒಂದು ರೂಮು, ಒಂದು ಅಡಿಗಿ ಮನಿ. ಏಳು ಮಂದಿ ಅದೀವಿ. ಇನ್ನೊಬ್ಬಾಕಿ ಬಂದ್ರೆ ಎಲ್ಲಿ ಮಲಗಸ್ತಾರೋ ಆ ಶಿವನಿಗೇ ಗೊತ್ತು. ನೀವು ಯಾರ ಮನಿಗೆ ಬಂದೀರಿ?"

"ಆ ಇನ್ನೊಬ್ಬಾಕಿ ನಾನೇ" ಎಂದೆ.

ಅವಳು ಸರಕ್ಕನೆ ನನ್ನ ಕಡೆ ಸರಿದಳು. ನನ್ನ ಕೈ ಹಿಡಿದುಕೊಂಡಳು. "ನಾ ಹೇಳಿದೆ ಅನ್ಬ್ಯಾಡ್ರಿ ಅಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಇಲ್ಲೇ ಬಾಳ್ವೆ ಮಾಡಬೇಕು." ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು ನನ್ನನ್ನು ಅಕ್ಕಾ ಎಂದಳು. ಯೋಚನೆ ಮಾಡಿ. ಮನೆ ನೋಡಬಾರದು ಎಂದು ಒಬ್ಬಳನ್ನು ಕೆಳಗೆ ಕೂರಿಸಿದ್ದರು, ಮನೆಯಲ್ಲಿ ಕಾಣಿಸಬಾರದು ಎಂದು ಇನ್ನೊಬ್ಬಳನ್ನು.

ಅಷ್ಟರಲ್ಲಿ ನಮ್ಮ ಸೋದರತ್ತೆ ಮೂರನೇ ಮಹಡಿಯ ಕಟಾಂಜನದಿಂದ ಬಗ್ಗಿ ಕೂಗಿದರು. "ಏ ಹುಡುಗಿ, ಕಿಟಕಿಯಾಗ ಸಮುದ್ರ ಕಾಣ್ತೈತೆ! ನಿಮ್ಮ ದೊಡ್ಡಪ್ಪ ಎರಡು ಪ್ಲೇಟು ಶಿರಾ ತಿಂದ್ರು! ಆತು ಬಿಡು!"

ಹಸಿದ ಹೊಟ್ಟೆ. ಎದುರಿಗೆ ತುಪ್ಪ, ಸಕ್ಕರೆ, ದ್ರಾಕ್ಷಿ ಹಾಕಿದ ಶಿರಾ. ನಮ್ಮ ದೊಡ್ಡಪ್ಪನಿಗೆ ನಿಯಮವೆಲ್ಲ ಬೇರೆಯವರಿಗೆ ಹೇಳುವಾಗ ಮಾತ್ರ ನೆನಪಿರುತ್ತದೆ. ನನ್ನ ಇಡೀ ಬದುಕನ್ನು ಎರಡು ತಟ್ಟೆ ಶಿರಾಕ್ಕೆ ಕೊಟ್ಟು, ಬಾಯಿ ಒರೆಸಿಕೊಂಡು ಕೂತಿದ್ದರು.

ಕೆಳಗಿನಿಂದಲೇ ಒಲ್ಲೆ ಎಂದರೆ ಯಾಕೆಂದು ಕೇಳುತ್ತಾರೆ. ಕಾರಣ ಹೇಳಿದರೆ ಈ ಹೆಂಗಸಿನ ಗತಿ ಏನು? ನಾನೇ ಕಣ್ಣಲ್ಲಿ ನೋಡಿದೆ ಎನ್ನಬೇಕು, ಬೇರೆ ದಾರಿಯಿರಲಿಲ್ಲ. ಎದ್ದೆ. ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಹೋದೆ.

ಎಲ್ಲರೂ ತಟ್ಟೆ ಹಿಡಿದವರು ಹಾಗೇ ಕೂತರು. ಅತ್ತೆ ಹಣೆ ಚಚ್ಚಿಕೊಂಡರು. ಹುಡುಗನ ತಾಯಿ "ಅಯ್ಯ ಶಿವನೇ, ಹುಡುಗೀನೇ ಬಂದ್ಲಲ್ರೀ!" ಎಂದರು.

"ಕೈ ತೊಳೀಬೇಕಿತ್ರಿ" ಎಂದು ನೇರವಾಗಿ ಬಚ್ಚಲಿಗೆ ನಡೆದೆ. ಟ್ರಂಕು ಸಾಗಿಸಿದ್ದರು, ಹಾಸಿಗೆ ಸಾಗಿಸಿದ್ದರು. ನಲ್ಲಿಯ ಮೇಲಿನ ಗೂಡಿನಲ್ಲಿ ಪ್ಲಾಸ್ಟಿಕ್ ಲೋಟದೊಳಗೆ ಹಲ್ಲುಜ್ಜುವ ಬ್ರಷ್ಷುಗಳು ಹಾಗೇ ಇದ್ದವು. ಏಳು. ಅದರಲ್ಲಿ ಎರಡು ಬೆರಳುದ್ದದವು, ಮಕ್ಕಳವು. ಲೋಟವನ್ನು ಹಾಗೇ ಎತ್ತಿಕೊಂಡು ಬಂದು ನಡುಮನೆಯಲ್ಲಿ ನಿಂತೆ.

"ಮೂರೇ ಜನ ಅಂದಿದ್ರಿ. ಇವು ಯಾರವು?"

"ನೆಂಟರು ಬಂದು ಹೋಗ್ತಿರ್ತಾರವ್ವ" ಎಂದರು ಆ ತಾಯಿ.

"ಹೋಗುವಾಗ ಬ್ರಷ್ ಬಿಟ್ಟು ಹೋಗ್ತಾರಾ?"

ಹುಡುಗ ಕಿಟಕಿಯ ಹತ್ತಿರ ನಿಂತು ತನ್ನ ಕಾಲ ಬೆರಳು ನೋಡುತ್ತಿದ್ದ. "ನೀವಾದ್ರೂ ಹೇಳ್ರಿ" ಎಂದೆ. ಅವನು ತಾಯಿಯ ಮುಖ ನೋಡಿದ. ಅಷ್ಟು ಸಾಕಾಗಿತ್ತು ನನಗೆ.

"ಅಪ್ಪಾಜಿ, ನನಗೆ ಈ ಮನೆ ಬ್ಯಾಡ. ಒಂದು ರೂಮು ಅಂತಲ್ಲ. ಇದ್ದದ್ದು ಇದ್ದಂಗೆ ಹೇಳಿದ್ರೆ ಅದರಾಗೇ ಇರ್ತಿದ್ನೇನೋ. ಸುಳ್ಳು ಹೇಳಿದ್ರಲ್ಲ, ಅದಕ್ಕೆ ಬ್ಯಾಡ" ಎಂದೆ. ಲೋಟವನ್ನು ಅವರ ಫ್ರಿಜ್ಜಿನ ಮೇಲಿಟ್ಟು ಇಳಿದು ಬಂದೆ.

ಮೂವರು ಹಿರಿಯರು ಒಂದು ತಾಸು ಆ ಮನೆಯಲ್ಲಿದ್ದರು. ದೊಡ್ಡಪ್ಪ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ್ದರಂತೆ. ಅತ್ತೆ ಸ್ಟೀಲ್ ಪಾತ್ರೆ ನೋಡಿದ್ದರು, ದೇವರ ಜಗಲಿ ನೋಡಿದ್ದರು. ಅಪ್ಪಾಜಿ ಸಮುದ್ರ ನೋಡಿದ್ದರು. ಮನೆ ನೋಡಿದವರು ಯಾರೂ ಇರಲಿಲ್ಲ. ಆದರೂ ವಾಪಸು ಬರುವಾಗ ಹರಿಹರದವರೆಗೂ ಬೈಸಿಕೊಂಡದ್ದು ನಾನು. "ಸಿಹಿ ತಿಂದ ಮ್ಯಾಲೆ ಒಲ್ಲೆ ಅಂತಾರೇನು? ಮಾತು ತಪ್ಪಿದ ಮನೆತನ ಅನ್ನಿಸಿಬಿಟ್ಟೆ" ಎಂದು ದೊಡ್ಡಪ್ಪ ಒಂದೇ ಸಮನೆ ಬೈದರು. ಸುಳ್ಳು ಹೇಳಿದ್ದು ಅವರು. ಶಿರಾ ತಿಂದದ್ದು ಇವರು. ಮಾತು ತಪ್ಪಿದವಳು ನಾನು!

ಎರಡು ವಾರಕ್ಕೆ ಮಧ್ಯಸ್ಥರ ಫೋನು ಬಂತು. ಹುಡುಗಿ ಮದುವೆಗೆ ಮೊದಲೇ ಹೊಸ್ತಿಲು ದಾಟಿದ್ದರಿಂದ ಈ ಸಂಬಂಧ ತಮಗೆ ಬೇಡ ಎಂದು ಬಾಂಬೆಯವರು ತಿಳಿಸಿದ್ದರಂತೆ. ನಮ್ಮ ಮನೆಯಲ್ಲಿ ಹಬ್ಬದ ಕಳೆ. ದೊಡ್ಡಪ್ಪ ಹರಿಹರದಿಂದ ಓಡಿ ಬಂದರು. "ಉಳೀತು ನೋಡು! ಅವರೇ ಬ್ಯಾಡ ಅಂದ್ರು, ನಾವು ಮಾತು ತಪ್ಪಲಿಲ್ಲ." ಅಪ್ಪಾಜಿಯೂ ಉಸಿರು ಬಿಟ್ಟು ಕುರ್ಚಿಗೊರಗಿದರು. ನಾನು ಎದುರಿಗೇ ನಿಂತಿದ್ದೆ.

ಆಮೇಲೆ ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ದೂರದ ಸಂಬಂಧದ ಹೆಂಗಸೊಬ್ಬರು ಊಟದ ಸಾಲಿನಲ್ಲಿ ನನ್ನ ಗಲ್ಲ ಸವರಿದರು. "ಪಾಪ, ಬಾಂಬೆಯವರು ಬ್ಯಾಡ ಅಂದರಂತಲ್ಲೇ ತಾಯಿ."

"ಅವರಲ್ರೀ, ನಾನು ಬ್ಯಾಡ ಅಂದದ್ದು."

ಅವರು ಅಪ್ಪಾಜಿಯ ಕಡೆ ನೋಡಿದರು. ಅಪ್ಪಾಜಿ ಎಲೆಯ ಮೇಲಿನ ಕೋಸಂಬರಿಯಿಂದ ಕಣ್ಣೆತ್ತದೆ ಹೇಳಿದರು: "ಹೌದ್ರಿ, ಅವರೇ ಅಂದ್ರು."

"ಅಪ್ಪಾಜಿ! ನಾನು ಅಂದದ್ದು! ನಿಮ್ಮ ಮುಂದೇ ಅಂದದ್ದು!"

ಸಾಲಿಗೆ ಸಾಲೇ ತಿರುಗಿ ನೋಡಿತು. ಆ ಹೆಂಗಸು ನನ್ನ ಬೆನ್ನು ತಟ್ಟಿ, ತಮ್ಮ ಎಲೆಯ ಹಪ್ಪಳವನ್ನು ನನ್ನ ಎಲೆಗೆ ಹಾಕಿದರು.

"ಇರ್ಲಿ ಬಿಡವ್ವ, ಮನಸಿಗೆ ಹಚ್ಕೋಬ್ಯಾಡ. ಇನ್ನೊಂದು ಸಿಗ್ತೈತೆ."