ಸೈಡ್ ವಿಂಗಿನ ದನಿ

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಕಟ್ಟಿಕೊಂಡ ಗಂಡನೇ ನಂಬಿಲ್ಲ. ಆದರೆ ಅದು ನಡೆದದ್ದು ನನ್ನ ಎಡಗಿವಿಯ ಪಕ್ಕದಲ್ಲೇ. ನಾನು ಹೇಗೆ ಇಲ್ಲವೆನ್ನಲಿ?

ಎಪ್ಪತ್ತರ ದಶಕದ ಮಾತು. ಕುರುಗೋಡಿನಿಂದ ಬಂದು ನಾಟಕ ಕಂಪನಿ ಸೇರಿದ್ದ ನಾನು ಆಗ ಸಖಿ, ನಾದಿನಿಯಂಥ ಸಣ್ಣ ಪಾತ್ರಗಳನ್ನು ಮಾಡುತ್ತಿದ್ದೆ. ಕಂಪನಿಯ ಕ್ಯಾಂಪು ಬಳ್ಳಾರಿಯಲ್ಲಿತ್ತು. ಮದ್ರಾಸ್ ಸರ್ಕಾರದ ಕಾಲದಲ್ಲಿ ಒಬ್ಬ ಹತ್ತಿ ವ್ಯಾಪಾರಿ ಕಟ್ಟಿಸಿದ ಹಳೆಯ ಥಿಯೇಟರು. ಒಂದು ಕಾಲಕ್ಕೆ ಅಲ್ಲಿ ಒಂದು ವಾರ ತೆಲುಗು ನಾಟಕ, ಇನ್ನೊಂದು ವಾರ ಕನ್ನಡ ನಾಟಕ ನಡೆಯುತ್ತಿತ್ತಂತೆ. ಯುದ್ಧದ ದಿನಗಳಲ್ಲಿ ಜೋಳದ ಗೋದಾಮಾಗಿ, ಮತ್ತೆ ನಾಟಕಕ್ಕೇ ಮರಳಿತ್ತು. ಈಗ ಸಿನಿಮಾದವರು ಕೊಂಡಿದ್ದರು. ಮರುದಿನವೇ ಸ್ಟೇಜು ಒಡೆಯುವವರಿದ್ದರು. ಅಂದು ಕಡೆಯ ಆಟ.

ಅಂದೇ ನಾಯಕಿ ಜ್ವರ ಬಂದು ಮಲಗಿದಳು. ಮಾಲೀಕರು ನನ್ನನ್ನು ಕರೆದು, "ನೀಲಮ್ಮ, ನೀನ ಮಾಡಬೇಕವ್ವ. ಮಾತು ತಪ್ಪಿದ್ರ ಬಳ್ಳಾರಿ ಜನ ಸುಮ್ನ ಬಿಡಂಗಿಲ್ಲ, ನೋಡು" ಎಂದರು.

ಪ್ರಾಂಪ್ಟರ್ ಬಸಯ್ಯ ಮಾಸ್ತರರು ಸ್ಟೇಜಿನ ಪಕ್ಕದ ಮರೆಯಲ್ಲಿ, ಸೈಡ್ ವಿಂಗಿನಲ್ಲಿ ಕೂತು ಮಾತು ಹೇಳಿಕೊಡುತ್ತಾರೆ ಎನ್ನುವುದೊಂದೇ ಧೈರ್ಯ. ಸಿರುಗುಪ್ಪಕ್ಕೆ ಹೋಗಿದ್ದ ಅವರು ಸಂಜೆಗೆ ಬರುವವರಿದ್ದರು. ಬಂದು ಕೂತಿರುತ್ತಾರೆಂದೇ ನಂಬಿ ಸ್ಟೇಜು ಹತ್ತಿದೆ.

ಕಡೆಯ ಅಂಕ. ಗಂಡ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಾನೆ. ಹೆಂಡತಿ ಹೊರಗೆ ನಿಂತು ಬೇಡಿಕೊಳ್ಳಬೇಕು. ಬಾಗಿಲು ತಟ್ಟಿದೆ... ಮಾತು ಹೊಳೆಯಲಿಲ್ಲ. ಒಂದಕ್ಷರವೂ. ಹಾರ್ಮೋನಿಯಂ ಎಳೆಯುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಿಂದಿನಿಂದ ಒಂದು ಸಿಳ್ಳೆ.

ಆಗ ಎಡಗಿವಿಗೆ ತಣ್ಣನೆಯ ಉಸಿರು ತಾಗಿತು. ಸೀಮೆಎಣ್ಣೆ ದೀಪ ಆರಿಸಿದಾಗಿನ ಕಮಟು ವಾಸನೆ... ಕರೆಂಟು ಬಂದು ಎಷ್ಟೋ ವರ್ಷವಾಗಿದ್ದ ಸ್ಟೇಜಿನಲ್ಲಿ. ಒಂದು ಗಂಡು ದನಿ ಮೆಲ್ಲಗೆ, ಸ್ಪಷ್ಟವಾಗಿ ಮಾತು ಕೊಟ್ಟಿತು. ನಾನು ಅದನ್ನೇ ಆಡಿದೆ.

"ಬಾಗಿಲು ತೆಗೆಯಬೇಡಿ. ನಾನು ಹೊರಗಿಲ್ಲ... ಒಳಗೇ ಇದ್ದೇನೆ."

ಬಾಗಿಲ ಹಿಂದಿದ್ದ ನಟ ತಡವರಿಸಿದ. ಜನ ಚಪ್ಪಾಳೆ ತಟ್ಟಿದರು. ದನಿ ಹೇಳಿಕೊಡುತ್ತ ಹೋಯಿತು. ಪರದೆ ಬೀಳುವ ತನಕ ನಾನು ಆಡುತ್ತ ಹೋದೆ.

ಮಾಸ್ತರರ ಕಾಲಿಗೆ ಬೀಳಬೇಕೆಂದು ವಿಂಗಿಗೆ ಓಡಿದೆ. ಅಲ್ಲಿ ಖಾಲಿ ಸ್ಟೂಲು. ನಮ್ಮ ಕಂಪನಿಯ ಹಿರಿಯ ನಟಿ ಹನುಮಕ್ಕ ಎದುರಾಗಿ ನನ್ನ ರಟ್ಟೆ ಹಿಡಿದಳು.

"ಆ ಮಾತು ನಿನಗ ಯಾರು ಕಲಿಸಿದ್ರು?"

"ಮಾಸ್ತರು..."

"ನಾನು ಸಣ್ಣಾಕಿ ಇದ್ದಾಗ ಇದ ನಾಟಕದಾಗ, ಇದ ಸ್ಟೇಜಿನ್ಯಾಗ ಕೇಳಿದ್ದೆ. ಆಮ್ಯಾಲೆ ಅದನ್ನ ನಾಟಕದಿಂದ ತೆಗೆದುಬಿಟ್ರು. ಮಾಸ್ತರಿಗೆ ಗೊತ್ತಿರಾಕ ಸಾಧ್ಯನ ಇಲ್ಲ."

"ಯಾಕ ತೆಗೆದ್ರಕ್ಕ?"

ಆಕೆ ಸೆರಗಿನಿಂದ ನನ್ನ ಕಿವಿ ಒರೆಸಿದಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಬಸಯ್ಯ ಮಾಸ್ತರರು ಬಂದರು. ಕೈಯಲ್ಲಿ ಚೀಲ, ಮೈಯೆಲ್ಲ ಧೂಳು. "ತಪ್ಪು ತಿಳೀಬ್ಯಾಡವ್ವ, ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ತು. ಈಗ ಇಳಿದು ಬರಾಕತ್ತೀನಿ."

ಬಾಗಿಲ ಬಳಿ ಬೀಡಿ ಸೇದುತ್ತಿದ್ದ ಥಿಯೇಟರಿನ ವಾಚ್‌ಮನ್ ಖಾಜಾಸಾಬ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನಿಮಗ ಕನ್ನಡದಾಗ ಹೇಳಿದನೇನವ್ವ?" ಎಂದ. "ನನಗ ಯಾವಾಗ್ಲೂ ತೆಲುಗಿನ್ಯಾಗ."

"ಯಾರು?" ಎಂದೆ.

ಖಾಜಾಸಾಬ್ ಬೀಡಿ ಹೊಸಕಿ, ದೀಪ ಆರಿಸಲು ಒಳಗೆ ಹೋದ.

ಆ ರಾತ್ರಿ ನಾವ್ಯಾರೂ ಒಳಗೆ ಮಲಗಲಿಲ್ಲ. ಟ್ರಂಕುಗಳ ಮೇಲೆ ಕೂತು ರಸ್ತೆಯಲ್ಲೇ ಬೆಳಗು ಮಾಡಿದೆವು. ಮರುದಿನ ಸ್ಟೇಜು ಒಡೆದರು, ಸಿನಿಮಾ ಬಂತು. ಮಾಲೀಕರು ಎಷ್ಟು ಕರೆದರೂ ನಾನು ಮತ್ತೆ ಬಣ್ಣ ಹಚ್ಚಲಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸಂಸಾರ ಹೂಡಿದೆ.

ಈಗಲೂ ಯಾರ ಜೊತೆಗಾದರೂ ಮಾತಾಡುವಾಗ ಒಂದು ಪದ ಮರೆತರೆ ಮೈ ತಣ್ಣಗಾಗುತ್ತದೆ. ಅದು ನೆನಪಾಗದಿದ್ದರೂ ಚಿಂತೆಯಿಲ್ಲ... ಯಾರೂ ಹೇಳಿಕೊಡದಿರಲಿ.