ಹಿಟ್ಟಿನ ಗಿರಣಿಯ ಪ್ರಕಟಣೆ

ಎಂಬತ್ತರ ದಶಕದಲ್ಲಿ ಜಗಳೂರಿನ ಬಸ್ ಸ್ಟ್ಯಾಂಡಿನ ಎದುರು ಕೂತು, ನಮ್ಮಂಥ ಮಹಾವಿದ್ವಾಂಸರ ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದವರು ಬಿಳಿಚೋಡಿನ ಒಬ್ಬ ಟೈಪಿಸ್ಟ್. ಪ್ರಬಂಧದೊಳಗೆ ಏನೇ ಬರೆದಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಯ ಗ್ರಂಥಋಣದ ಪಟ್ಟಿ ಬಂದಾಗ ಮಾತ್ರ ಕನ್ನಡಕ ಹಣೆಗೇರಿಸಿ, "ಪುಸ್ತಕ ಕಣ್ಣಾರೆ ನೋಡೀರೇನ್ರಿ ಮೇಷ್ಟ್ರೇ?" ಎನ್ನುತ್ತಿದ್ದರು.

ನನ್ನ ಎಂ.ಫಿಲ್. ಪಟ್ಟಿಯಲ್ಲಿ ನಲವತ್ತು ಪುಸ್ತಕಗಳಿದ್ದವು. ಓದಿದ್ದು ಆರು. ಊರಿಗೆಲ್ಲ ಟೋಪಿ ಹಾಕಿದ ನಾನು ಇವರನ್ನು ಬಿಟ್ಟೇನೆ? ಕೆಣಕಲೆಂದೇ, ಹುಟ್ಟದ ಪುಸ್ತಕವೊಂದನ್ನೂ ಸೇರಿಸಿದೆ.

"ಲೇಖಕರು ಆತು, ವರ್ಷ ಆತು. ಪ್ರಕಟ ಆಗಿದ್ದು ಯಾವೂರಾಗೆ?"

"ನಿಮ್ಮ ಬಿಳಿಚೋಡಿನಾಗೇ ರೀ."

"ನಮ್ಮೂರಾಗೆ ಹಿಟ್ಟಿನ ಗಿರಣಿ ಬಿಟ್ರೆ ಇನ್ನೇನೈತ್ರೀ?" ಎಂದವರೇ ಟಪಟಪನೆ ಹೊಡೆದರು.

ಗೆದ್ದೆನೆಂದು ಬೀಗುತ್ತಾ, ಒಮ್ಮೆಯೂ ತಿರುವಿ ನೋಡದೆ ಪ್ರಬಂಧ ಒಪ್ಪಿಸಿದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಎಲ್ಲರೆದುರು ಗಟ್ಟಿಯಾಗಿ ಓದಿದರು: "ಪ್ರಕಾಶಕರು: ಹಿಟ್ಟಿನ ಗಿರಣಿ, ಬಿಳಿಚೋಡು." ನನ್ನ ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು.

ಜಗಳವಾಡಲು ನೇರ ಅವರ ಬಳಿಗೇ ಹೋದೆ. ಕನ್ನಡಕ ನಿಧಾನವಾಗಿ ಹಣೆಗೇರಿತು.

"ಪುಸ್ತಕ ನಾನು ನೋಡಿಲ್ರೀ ಮೇಷ್ಟ್ರೇ. ಗಿರಣಿ ನೋಡೀನಿ."